ಪೋಲೆಂಡಿನ ಮಧ್ಯಯುಗದ ಲಾಂಛನ ಗುರುತಿಸುವುದು ಹೇಗೆ? ಗುರಾಣಿಯಿಂದ ಮನೆತನದವರೆಗೆ, ಹಂತ ಹಂತವಾಗಿ

ಕ್ರಾಕೂಫ್‌ನ ಹಳೆಯ ಚರ್ಚಿನಲ್ಲಿ ಒಂದು ಗುರಾಣಿ ಕಾಣುತ್ತದೆ. ಅದರಲ್ಲಿ ಕುದುರೆ ಲಾಳ, ಲಾಳದ ಮೇಲೊಂದು ಶಿಲುಬೆ. ಫೋಟೊ ತೆಗೆದು, ರೂಮಿಗೆ ಬಂದು ಇಂಟರ್ನೆಟ್‌ನಲ್ಲಿ ಹುಡುಕುತ್ತೀರಿ. ಹತ್ತೇ ನಿಮಿಷದಲ್ಲಿ ಯಾವುದೋ ಮನೆತನದ ಹೆಸರು ಸಿಗುತ್ತದೆ. ಆ ಹೆಸರು ತಪ್ಪಾಗಿರುವ ಸಾಧ್ಯತೆಯೇ ಜಾಸ್ತಿ.

ಅಲ್ಲಿ ಓದಲು, ಕೆಲಸಕ್ಕೆ, ಸುತ್ತಾಡಲು ಹೋದ ನಮ್ಮವರು ನನಗೆ ಇಂಥ ಫೋಟೊ ಕಳಿಸುತ್ತಲೇ ಇರುತ್ತಾರೆ. ಬಹುತೇಕ ಎಲ್ಲರೂ ಎಡವುವುದು ಒಂದೇ ಕಡೆ. ಚಿತ್ರವನ್ನು ಪೂರ್ತಿ ನೋಡುವ ಮೊದಲೇ ಮನೆತನದ ಹೆಸರು ಹುಡುಕಲು ಓಡುತ್ತಾರೆ. ಇಲ್ಲಿ ಹೆಜ್ಜೆಗಳ ಕ್ರಮ ತಪ್ಪಿದರೆ ಕೆಲಸವೇ ಕೆಡುತ್ತದೆ. ಮನೆತನದ ಹೆಸರು ಬರಬೇಕಾದದ್ದು ಕೊನೆಗೆ.

## ಶುರು ಮಾಡುವ ಮುನ್ನ: ಲಾಂಛನಕ್ಕೇ ಒಂದು ಹೆಸರಿದೆ

ಇಂಗ್ಲೆಂಡ್, ಫ್ರಾನ್ಸ್‌ಗಳಲ್ಲಿ ಸಾಮಾನ್ಯವಾಗಿ ಒಂದು ಮನೆತನಕ್ಕೆ ಒಂದು ಲಾಂಛನ. ಪೋಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಲಾಂಛನವನ್ನು 'ಹೆರ್ಬ್' ಅನ್ನುತ್ತಾರೆ. ಪ್ರತಿ ಹೆರ್ಬ್‌ಗೂ ತನ್ನದೇ ಹೆಸರಿದೆ: ಲೆಲಿವಾ, ತೊಪುರ್, ಪೊರಾಯ್, ಗ್ರಿಫ್, ಹೀಗೆ. ಒಂದೊಂದು ಹೆರ್ಬ್‌ನ ಕೆಳಗೆ ಹತ್ತಾರು, ಕೆಲವದರ ಕೆಳಗೆ ನೂರಾರು ಮನೆತನಗಳಿವೆ. ಅಣ್ಣನದ್ದು ಯಾವುದು, ತಮ್ಮನದ್ದು ಯಾವುದು ಎಂದು ಬೇರೆ ಮಾಡಿ ತೋರಿಸುವ ಗುರುತುಗಳೂ ಅಲ್ಲಿ ಬಳಕೆಗೆ ಬರಲಿಲ್ಲ.

ನಮ್ಮ ಗೋತ್ರ, ಬೆಡಗು, ಬಳಿಗಳನ್ನು ನೆನಪಿಸಿಕೊಂಡರೆ ಅರ್ಧ ದಾರಿ ಸಿಕ್ಕಂತೆ. ಆದರೆ ಹೋಲಿಕೆ ಅಷ್ಟಕ್ಕೇ ಸಾಕು. ಒಂದೇ ಹೆರ್ಬ್ ಇದ್ದವರೆಲ್ಲ ಒಂದೇ ರಕ್ತದವರು ಎಂದುಕೊಳ್ಳಬೇಡಿ. ಯಾಕೆಂದು 8ನೇ ಹಂತದಲ್ಲಿ ಹೇಳುತ್ತೇನೆ.

ಹಾಗಾಗಿ ನೀವು ಎರಡು ಪ್ರಶ್ನೆಗಳಿಗೆ ಬೇರೆ ಬೇರೆಯಾಗಿ ಉತ್ತರ ಹುಡುಕಬೇಕು. ಇದು ಯಾವ ಹೆರ್ಬ್? ಇದನ್ನು ಇಲ್ಲಿ ಹಾಕಿಸಿದವರು ಯಾರು? ಗುರಾಣಿಯೊಂದನ್ನೇ ನೋಡಿ ಮೊದಲನೆಯದಕ್ಕೆ ಉತ್ತರ ಕೊಡಬಹುದು. ಎರಡನೆಯದಕ್ಕೆ ಗುರಾಣಿ ಮಾತ್ರ ಸಾಲದು.

## ಬೇಕಾದ ಸಾಮಾನು

ಒಂದು ಟಾರ್ಚ್, ನೋಟ್‌ಬುಕ್, ಪೆನ್ಸಿಲ್. ಟಾರ್ಚ್ ಮೊಬೈಲಿನದ್ದಾದರೂ ನಡೆಯುತ್ತದೆ.

ಪುಸ್ತಕಗಳಲ್ಲಿ ಮೊದಲು ಬೇಕಾದದ್ದು ಯೂಜೆಫ್ ಶಿಮಾನ್‌ಸ್ಕಿಯವರ 'ಮಧ್ಯಯುಗದ ಪೋಲಿಷ್ ವೀರರ ಲಾಂಛನಕೋಶ' (1993, ವಾರ್ಸಾ). ಮಧ್ಯಯುಗದ ಕೆಲಸಕ್ಕೆ ಇದನ್ನೇ ಕೈಗೆತ್ತಿಕೊಳ್ಳಿ. ಎರಡನೆಯದು 15ನೇ ಶತಮಾನದ ಇತಿಹಾಸಕಾರ ಯಾನ್ ದ್ವುಗೋಶ್ ಸಿದ್ಧಪಡಿಸಿದ 'ಕ್ಲೆಯ್ನೊತಿ', ಅಂದರೆ ಲಾಂಛನಗಳ ಪಟ್ಟಿ. ಪೋಲೆಂಡಿನ ಲಾಂಛನಕೋಶಗಳಲ್ಲಿ ಇದೇ ಹಳೆಯದು. ಮೂರನೆಯದು ಬಾರ್ತೊಶ್ ಪಾಪ್ರೊತ್ಸ್ಕಿಯ 1584ರ ಗ್ರಂಥ. ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಪೋಲೆಂಡಿನ ರಾಷ್ಟ್ರೀಯ ಗ್ರಂಥಾಲಯದ 'ಪೊಲೊನಾ' ತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಕಾಸ್ಪೆರ್ ನ್ಯೆಸ್ಯೆತ್ಸ್ಕಿಯ ದೊಡ್ಡ ಕೋಶವನ್ನು (1728–1743) ಎಲ್ಲರೂ ಮೊದಲು ತೆರೆಯುತ್ತಾರೆ, ಯಾಕೆಂದರೆ ಅದು ಸುಲಭವಾಗಿ ಸಿಗುತ್ತದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅದು 18ನೇ ಶತಮಾನದ ಮನೆತನಗಳು ತಮ್ಮ ಬಗ್ಗೆ ನಂಬಿದ್ದನ್ನೂ ಸೇರಿಸಿಕೊಂಡಿದೆ. 14ನೇ ಶತಮಾನದ ಕಲ್ಲಿಗೆ ಅದೊಂದೇ ಸಾಕ್ಷಿ ಆಗದು.

## ಹಂತ 1: ಎದುರಿನಿಂದ ಒಂದು, ಪಕ್ಕದ ಬೆಳಕಿನಲ್ಲಿ ಒಂದು ಫೋಟೊ

ಸವೆದ ಕಲ್ಲಿಗೆ ಎದುರಿನಿಂದ ಫ್ಲಾಶ್ ಹಾಕಿದರೆ ಕೆತ್ತನೆ ಮಾಯವಾಗುತ್ತದೆ. ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಮೇಲ್ಮೈಗೆ ತಾಗುವಷ್ಟು ವಾಲಿಸಿ ಹಿಡಿಯಿರಿ. ನೆರಳು ಬಿದ್ದು ಗೆರೆಗಳು ಎದ್ದು ಕಾಣುತ್ತವೆ. ಒಮ್ಮೆ ಎಡದಿಂದ, ಒಮ್ಮೆ ಮೇಲಿನಿಂದ ಬೆಳಕು ಬಿಟ್ಟು ತೆಗೆಯಿರಿ. ಸೀಮೆಸುಣ್ಣ ಉಜ್ಜುವುದು, ನೀರು ಹಾಕುವುದು ದಯವಿಟ್ಟು ಬೇಡ. ಆರು ನೂರು ವರ್ಷ ಉಳಿದ ಕಲ್ಲು ಅದು.

ಗುರಾಣಿಯೊಂದನ್ನೇ ತೆಗೆದು ಬರಬೇಡಿ. ಅದು ಇರುವ ಜಾಗ, ಸುತ್ತಲಿನ ಬರಹ, ಪಕ್ಕದ ಗುರಾಣಿಗಳು ಎಲ್ಲವೂ ಬೇಕು. ನನಗೆ ಬರುವ ಫೋಟೊಗಳಲ್ಲಿ ಸಾಮಾನ್ಯವಾಗಿ ಇಲ್ಲದಿರುವುದು ಇವೇ.

## ಹಂತ 2: ಎಷ್ಟು ಹಳೆಯದು ಎಂದು ಅಂದಾಜು ಮಾಡಿ

ಮಧ್ಯಯುಗದ್ದೇ ಹೌದಾ ಅನ್ನುವುದು ಮೊದಲ ಪರೀಕ್ಷೆ. ಕೆಳಗೆ ಚೂಪಾದ ತ್ರಿಕೋನದ ಗುರಾಣಿ ಸಾಮಾನ್ಯವಾಗಿ 13–14ನೇ ಶತಮಾನದ ರೂಪ. ಕೆಳಗೆ ದುಂಡಗಾದದ್ದು ಅದಕ್ಕಿಂತ ಈಚಿನದು. ಅಂಚು ಸುರುಳಿ ಸುತ್ತಿಕೊಂಡು ಹಾಳೆಯಂತೆ ಕಾಣುತ್ತಿದ್ದರೆ ಅದು ಮಧ್ಯಯುಗವನ್ನು ದಾಟಿಬಿಟ್ಟಿದೆ.

ಎಚ್ಚರಿಕೆಯ ಗುರುತು ಒಂದಿದೆ. ಗುರಾಣಿಯ ಬಯಲಿನಲ್ಲಿ ಸಣ್ಣ ಗೆರೆಗಳು ಅಥವಾ ಚುಕ್ಕೆಗಳು ತುಂಬಿದ್ದರೆ ಅದು ಅಲಂಕಾರ ಅಲ್ಲ, ಬಣ್ಣದ ಸಂಕೇತ. ನಿಂತ ಗೆರೆ ಕೆಂಪು, ಮಲಗಿದ ಗೆರೆ ನೀಲಿ, ಚುಕ್ಕೆ ಚಿನ್ನ, ಖಾಲಿ ಬಿಟ್ಟರೆ ಬೆಳ್ಳಿ. ಈ ಪದ್ಧತಿ 17ನೇ ಶತಮಾನದ್ದು. 1638ರ ಹೊತ್ತಿಗೆ ಪೇತ್ರಾ ಸಾಂಕ್ತಾ ಎಂಬ ಜೆಸ್ಯುಯಿಟ್ ಪಾದ್ರಿಯ ಪುಸ್ತಕದಿಂದ ಹರಡಿತು. ಸಮಾಧಿಯ ಮೇಲೆ 1400ರ ಇಸವಿ ಇದ್ದು, ಗುರಾಣಿಯಲ್ಲಿ ಈ ಗೆರೆಗಳಿದ್ದರೆ, ಕಲ್ಲನ್ನು ಆಮೇಲೆ ಮಾಡಿಸಿದ್ದಾರೆ ಎಂದರ್ಥ.

## ಹಂತ 3: ಚಿತ್ರವನ್ನು ಮಾತಿನಲ್ಲಿ ಬರೆಯಿರಿ

ಹುಡುಕುವ ಮುನ್ನ ಬರೆಯಿರಿ. ಇದನ್ನು ಬಿಟ್ಟವರೇ ಕೊನೆಗೆ ಸೋಲುವುದು. "ಲಾಳ ಮತ್ತು ಶಿಲುಬೆ" ಎಂದಷ್ಟೇ ಬರೆದರೆ ಸಾಲದು. "ಒಂದು ಲಾಳ, ತುದಿಗಳು ಕೆಳಗೆ, ಬೆನ್ನಿನ ಮೇಲೆ ಒಂದು ಶಿಲುಬೆ, ಒಳಗೆ ಏನೂ ಇಲ್ಲ" ಎಂದು ಬರೆಯಿರಿ. ಎಷ್ಟು, ಯಾವ ಕಡೆ ಮುಖ, ಯಾವುದರ ಮೇಲೆ ಯಾವುದು: ಈ ಮೂರಕ್ಕೂ ಉತ್ತರ ಇರಬೇಕು. ಇಲ್ಲದ್ದನ್ನೂ ಬರೆಯಬೇಕು. "ಒಳಗೆ ಏನೂ ಇಲ್ಲ" ಅನ್ನುವ ಮಾತೇ ಎಷ್ಟೋ ಸಲ ಉತ್ತರ ಕೊಡುತ್ತದೆ.

ಎಡ ಬಲದಲ್ಲಿ ಎಲ್ಲರೂ ಒಮ್ಮೆಯಾದರೂ ಮುಗ್ಗರಿಸುತ್ತಾರೆ. ಲಾಂಛನ ಶಾಸ್ತ್ರದಲ್ಲಿ ಬಲ ಅಂದರೆ ಗುರಾಣಿ ಹಿಡಿದು ನಿಂತವನ ಬಲ, ಅಂದರೆ ನೋಡುವ ನಮ್ಮ ಎಡ. ಪೋಲಿಷ್ ಪುಸ್ತಕಗಳೂ ಹೀಗೇ ಬರೆಯುತ್ತವೆ.

ಮುಖ ಯಾವ ಕಡೆ ಅನ್ನುವುದನ್ನು ಬರೆದುಕೊಳ್ಳಿ, ಆದರೆ ಅದೊಂದರ ಮೇಲೆ ತೀರ್ಮಾನ ಬೇಡ. ಎರಡು ಗುರಾಣಿ ಅಕ್ಕಪಕ್ಕ ಬಂದಾಗ ಪ್ರಾಣಿಗಳು ಒಂದಕ್ಕೊಂದು ಬೆನ್ನು ತೋರಿಸದ ಹಾಗೆ ಒಂದನ್ನು ತಿರುಗಿಸುತ್ತಿದ್ದರು. ಇನ್ನೊಂದು ಕಾರಣವೂ ಇದೆ. ಮುದ್ರೆಯ ಲೋಹದ ಅಚ್ಚು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತದೆ. ಮ್ಯೂಸಿಯಂನಲ್ಲಿ ನೋಡಿದ್ದು ಅಚ್ಚೋ, ಅರಗಿನ ಮೇಲಿನ ಒತ್ತೋ ಎಂದು ಗಮನಿಸಿ.

ಪೋಲಿಷ್ ವಿವರಣೆ ಓದಲು ಕೆಲವೇ ಪದ ಸಾಕು. 'ಪೊಲೆ' ಎಂದರೆ ಗುರಾಣಿಯ ಬಯಲು. 'ಚೆರ್ವೊನೆ' ಕೆಂಪು, 'ಬ್ವೆಂಕಿತ್ನೆ' ನೀಲಿ, 'ಜ್ವೊತೆ' ಚಿನ್ನ, 'ಸ್ರೆಬ್ರ್ನೆ' ಬೆಳ್ಳಿ, 'ಚಾರ್ನೆ' ಕಪ್ಪು. 'ಪೊದ್ಕೊವಾ' ಲಾಳ, 'ಕ್ಶಿಶ್' ಶಿಲುಬೆ, 'ಸ್ತ್‌ಶಾವಾ' ಬಾಣ. 'ಬಾರ್ಕ್' ಅಂದರೆ ಲಾಳದ ಬೆನ್ನು, ಅಂದರೆ ಅದರ ದುಂಡಗಿನ ಭಾಗ. ಈ ಕೊನೆಯ ಪದವನ್ನು ಮರೆಯಬೇಡಿ, ಮುಂದೆ ಬೇಕು.

## ಹಂತ 4: ಬಣ್ಣವನ್ನು ಕೊನೆಯ ಸಾಕ್ಷಿಯಾಗಿ ಇಟ್ಟುಕೊಳ್ಳಿ

ಹಳೆಯ ಸಾಕ್ಷಿ ಹೆಚ್ಚಾಗಿ ಮುದ್ರೆಗಳು. ಅರಗಿನ ಮುದ್ರೆಯಲ್ಲಿ ಲಾಂಛನದ ಬಣ್ಣವೇ ಇರುವುದಿಲ್ಲ. ಕಲ್ಲಿನ ಮೇಲಿದ್ದ ಬಣ್ಣ ಹೋಗಿರುತ್ತದೆ, ಇಲ್ಲವೇ 19ನೇ ಶತಮಾನದಲ್ಲಿ ಮತ್ತೆ ಬಳಿದಿರುತ್ತಾರೆ. ಗೋಡೆಚಿತ್ರದ ನೀಲಿ ಮಸಿ ಹಿಡಿದು ಕಪ್ಪಾಗಿ ಕಾಣಬಹುದು. ಆದ್ದರಿಂದ ಆಕಾರ ಹೊಂದಿ, ಬಣ್ಣ ಹೊಂದದಿದ್ದರೆ ಆಕಾರವನ್ನು ನಂಬಿ.

ಪೋಲೆಂಡಿನಲ್ಲಿ ಕೆಂಪು ಬಯಲಿನ ಮೇಲೆ ಬೆಳ್ಳಿ ಚಿತ್ರ ತುಂಬಾ ಸಾಮಾನ್ಯ, ನೀಲಿ ಬಯಲೂ ಸಾಕಷ್ಟಿದೆ. ಹಾಗಾಗಿ ಬಣ್ಣ ಗೊತ್ತಾದರೂ ಪಟ್ಟಿ ಚಿಕ್ಕದಾಗುವುದು ಅಷ್ಟಕ್ಕಷ್ಟೆ. ವಾರ್ತಾ ನದಿ ದಡದ ಲೋಂದ್ ಮಠದಲ್ಲಿ 14ನೇ ಶತಮಾನದ ಗೋಡೆಚಿತ್ರಗಳ ನಡುವೆ ಲಾಂಛನಗಳ ಸಾಲೇ ಇದೆ. ಬಣ್ಣದ ಲಾಂಛನವನ್ನು ಅದರ ಕಾಲದ್ದೇ ಗೋಡೆಯಲ್ಲಿ ನೋಡಬೇಕೆಂದರೆ ಅಲ್ಲಿಗೆ ಹೋಗಿ ಬನ್ನಿ.

## ಹಂತ 5: ಒಂದರಂತೆ ಒಂದು ಕಾಣುವ ಗುಂಪುಗಳನ್ನು ಬಿಡಿಸಿ

ಇಲ್ಲಿ ಅವಸರ ಬೇಡ. ಹೆಚ್ಚು ಜನ ಸೋಲುವುದು ಇದೇ ಹಂತದಲ್ಲಿ.

ಲಾಳಗಳು. ಮೊದಲು 'ಬಾರ್ಕ್' ಎಲ್ಲಿದೆ ನೋಡಿ. ಬೆನ್ನು ಕೆಳಗೆ, ತುದಿಗಳು ಮೇಲೆ, ನಡುವೆ ಒಂದು ಶಿಲುಬೆ ಇದ್ದರೆ ಅದು ಯಾಸ್ತ್‌ಶೆಂಬ್ಯೆತ್ಸ್. ಬೆನ್ನು ಮೇಲಿದ್ದರೆ ಇನ್ನೂ ಬಿಡಿಸಬೇಕು. ಬೆನ್ನಿನ ಮೇಲೆ ಮಾತ್ರ ಶಿಲುಬೆ ಇದ್ದರೆ ಪೊಬುಗ್. ಬೆನ್ನಿನ ಮೇಲೊಂದು, ಒಳಗೊಂದು ಇದ್ದರೆ ಲೂಬಿಚ್. ಮೇಲೆ ಶಿಲುಬೆ, ಒಳಗೆ ಕೆಳಮುಖದ ಬಾಣ ಇದ್ದರೆ ದೊವೆಂಗಾ. ಶಿಲುಬೆಯ ಮೇಲೆ ಬಾಯಲ್ಲಿ ಉಂಗುರ ಹಿಡಿದ ಕಾಗೆ ಕೂತಿದ್ದರೆ ಶ್ಲೆಪೊವ್ರೊನ್. ಮೇಲಿನ ಶಿಲುಬೆಗೆ ಒಂದು ಕೈ ಇಲ್ಲದೆ, ಒಳಗೆ ಪೂರ್ತಿ ಶಿಲುಬೆ ಇದ್ದರೆ ಕ್ಶಿವ್ದಾ. ಬೆನ್ನಿನ ಮೇಲೊಂದು, ಎರಡು ತುದಿಗಳಲ್ಲಿ ಒಂದೊಂದು, ಒಟ್ಟು ಮೂರು ಶಿಲುಬೆ ಇದ್ದರೆ ದೊಂಬ್ರೊವಾ.

ಈಗ ಗಮನಿಸಿ. ಕಲ್ಲು ಸವೆದು ಒಳಗಿನ ಶಿಲುಬೆ ಅಳಿಸಿದ್ದರೆ ಲೂಬಿಚ್ ಕೂಡ ಪೊಬುಗ್ ಆಗಿಬಿಡುತ್ತದೆ. ಆಮೇಲೆ ಊರು, ವಂಶ, ಇಸವಿ ಎಲ್ಲವೂ ಆ ತಪ್ಪಿನ ಮೇಲೇ ನಿಲ್ಲುತ್ತವೆ. ಪಕ್ಕದ ಬೆಳಕಿನ ಫೋಟೊ ಬೇಕು ಅಂದದ್ದು ಇದಕ್ಕೇ. ಗುರಾಣಿಯ ಮೇಲೆ ಶಿರಸ್ತ್ರಾಣವೂ ಅದರ ತುದಿಯ ಚಿತ್ರವೂ ಉಳಿದಿದ್ದರೆ ನಿಮ್ಮ ಪುಣ್ಯ. ಪೊಬುಗ್‌ಗೆ ಅಲ್ಲಿ ಬೇಟೆನಾಯಿಯ ಅರ್ಧ ದೇಹ, ಲೂಬಿಚ್‌ಗೆ ಮೂರು ಉಷ್ಟ್ರಪಕ್ಷಿ ಗರಿ, ದೊವೆಂಗಾಗೆ ಬಾಣ ಚುಚ್ಚಿದ ರೆಕ್ಕೆ ಇರುತ್ತದೆ.

ಲಾಳದಂತೆ ಕಾಣುವ ಇನ್ನೊಂದಿದೆ, ನೊವಿನಾ. ಅದು ಲಾಳವೇ ಅಲ್ಲ, ಹಂಡೆಯ ಹಿಡಿಕೆ. ನಡುವೆ ಕತ್ತಿ ಇರುತ್ತದೆ. ಶಿಲುಬೆ ಎಂದುಕೊಂಡದ್ದರ ಕೆಳಭಾಗ ಉದ್ದವಾಗಿ ಮೊನೆಯಾಗಿದ್ದರೆ ಅದು ಕತ್ತಿ ಆಗಿರಬಹುದು ಎಂದು ಅನುಮಾನಪಡಿ.

ಬಾಣಗಳು. ಮೇಲ್ಮುಖದ ಬಾಣಕ್ಕೆ ಎರಡು ಅಡ್ಡಪಟ್ಟಿ ಇದ್ದರೆ ಲಿಸ್. ಒಂದು ಅಡ್ಡಪಟ್ಟಿ ಇದ್ದು ಬುಡ ಸೀಳಿದ್ದರೆ ಕೊಶ್ಚೆಶಾ. ಅಡ್ಡಪಟ್ಟಿ ಇಲ್ಲದೆ ಬುಡ ಎರಡಾಗಿ ಮೀಸೆಯಂತೆ ಸುರುಳಿಯಾಗಿದ್ದರೆ ಒದ್ರೊವೊಂಶ್. ಅರ್ಧ ಉಂಗುರದ ಮೇಲೆ ಅರ್ಧ ಬಾಣ ನಿಂತಿದ್ದರೆ ಒಗೊಂಚಿಕ್.

ಅರ್ಧಂಬರ್ಧ ಶಿಲುಬೆಗಳು. ಕೈಗಳನ್ನು ಎಣಿಸಿ. ಒಂದೂವರೆ ಶಿಲುಬೆ, ಅಂದರೆ ಮೂರು ಕೈ, ಪ್ರುಸ್. ಎರಡೂವರೆ ಶಿಲುಬೆ, ಅಂದರೆ ಐದು ಕೈ, ಪಿಲಾವಾ.

ಇನ್ನುಳಿದ ಜೋಡಿಗಳು. ಬರೀ ದೋಣಿ ಇದ್ದರೆ ವೊಜಾ, ದೋಣಿಯ ಮೇಲೆ ಗೋಪುರ ಇದ್ದರೆ ಕೊರಾಬ್. ಕಪ್ಪು ಕಾಡುಗೂಳಿಯ ತಲೆಗೆ ಮೂಗಿನಲ್ಲಿ ಬಳೆ ಇದ್ದರೆ ವ್ಯೆನ್ಯಾವಾ (ದ್ವುಗೋಶ್‌ನ ಲಾಂಛನ ಇದೇ), ತಲೆಗೆ ಕತ್ತಿ ಚುಚ್ಚಿದ್ದರೆ ಪೊಮ್ಯಾನ್. ಬಾಗಿದ ನದಿಯ ಮೇಲೆ ಶಿಲುಬೆ ಇದ್ದರೆ ಶ್ರೆನ್ಯಾವಾ, ಶಿಲುಬೆ ಇಲ್ಲದಿದ್ದರೆ ದ್ರುಝಿನಾ. ಇಂಗ್ಲಿಷಿನ ಡಬ್ಲ್ಯು ತರಹದ ಗೆರೆ ಒಂದೇ ಇದ್ದರೆ ಅಬ್ದಾಂಕ್. ಅದನ್ನು ಯಾರದೋ ಹೆಸರಿನ ಮೊದಲಕ್ಷರ ಅಂದುಕೊಳ್ಳಬೇಡಿ. ಅದೇ ಗೆರೆ ದೊಡ್ಡ ಶಿಲುಬೆಯ ಕೆಳಗೆ ಮೂಲೆಯಲ್ಲಿದ್ದರೆ ದೆಂಬ್ನೊ. ಕ್ರಾಕೂಫ್‌ನ ಬಿಷಪ್ ಜ್ಬಿಗ್ನ್ಯೆಫ್ ಒಲೆಶ್ನಿತ್ಸ್ಕಿಯ ಲಾಂಛನ ಅದು.

ಗೆರೆಗಳ ಈ ಲಾಂಛನಗಳನ್ನು ನೋಡಿ ರೂನ್ ಲಿಪಿ (ಉತ್ತರ ಯುರೋಪಿನ ಹಳೆಯ ಲಿಪಿ) ಎಂದು ಹೇಳುವವರು ಈಗಲೂ ಸಿಗುತ್ತಾರೆ. 19ನೇ ಶತಮಾನದಲ್ಲಿ ಫ್ರಾನ್ಚಿಶೆಕ್ ಪ್ಯೆಕೊಸಿನ್‌ಸ್ಕಿ ಹಾಗೆ ವಾದಿಸಿದ್ದರು. ಇಂದಿನ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ.

## ಹಂತ 6: ಇದು ನಿಜಕ್ಕೂ ಶ್ರೀಮಂತ ಮನೆತನದ ಲಾಂಛನವಾ?

ಕ್ರಾಕೂಫ್‌ನಂಥ ಪೇಟೆಯ ಚರ್ಚುಗಳಲ್ಲಿ ವ್ಯಾಪಾರಿಗಳ ಮತ್ತು ಕಲ್ಲುಕುಟಿಗರ ಗುರುತುಗಳೂ ಇವೆ. ಅವನ್ನು 'ಗ್ಮೆರ್ಕ್' ಅನ್ನುತ್ತಾರೆ. ಶಿಲುಬೆ, ಬಾಣ, ಕೊಕ್ಕೆಗಳನ್ನು ಜೋಡಿಸಿದ ಗೆರೆಚಿತ್ರಗಳು ಅವು. ಗುರಾಣಿಯೊಳಗೇ ಇದ್ದರೂ ಅವು ಹೆರ್ಬ್ ಅಲ್ಲ. ಚಿತ್ರದಲ್ಲಿ ಅಕ್ಷರಗಳು ಸೇರಿಕೊಂಡಿದ್ದರೆ, ಯಾವ ಕೋಶದಲ್ಲೂ ಸಿಗದಿದ್ದರೆ, ಸಮಾಧಿಯ ಬರಹ ಪೇಟೆಯವನೊಬ್ಬನ ಹೆಸರು ಹೇಳುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ.

ಗುರಾಣಿಯನ್ನು ಪಟ್ಟೆಗಳಾಗಿ, ಚೌಕಗಳಾಗಿ ಒಡೆದಿದ್ದರೆ ಸಿಲೇಸಿಯಾ ಅಥವಾ ಜರ್ಮನ್ ಕಡೆಯ ಮನೆತನವನ್ನೂ ಯೋಚಿಸಿ. ಅರ್ಧ ಸಿಂಹ, ಅರ್ಧ ಹದ್ದು ಒಂದೇ ಕಿರೀಟದ ಕೆಳಗೆ ಇದ್ದರೆ ಅದು ಕುಯಾವಿ ಪ್ರಾಂತ್ಯದ್ದು, ಮನೆತನದ್ದಲ್ಲ.

## ಹಂತ 7: ಹೆಸರು ಸರಿಯಾಗಿ ಹುಡುಕಿ

ಪೋಲಿಷ್ ಬರಹದಲ್ಲಿ ಅಡ್ಡಗೀಟು ಹೊಡೆದ 'ಎಲ್' ಅಕ್ಷರವನ್ನು 'ವ' ಎಂದು ಓದಬೇಕು. ಕೆಳಗೆ ಬಾಲ ಇರುವ 'ಇ' ಅಕ್ಷರಕ್ಕೆ ಮೂಗಿನ ಸ್ವರ ಬರುತ್ತದೆ. ಹಾಗಾಗಿ ಗಂಟು ಹಾಕಿದ ಬಿಳಿ ತಲೆಪಟ್ಟಿಯ ಲಾಂಛನವನ್ನು 'ನಲೆಕ್ಜ್' ಎಂದು ಓದಬಾರದು, ಅದು 'ನವೆಂಚ್'. ಹುಡುಕುವಾಗ ಆ ಅಕ್ಷರಗಳನ್ನೇ ಹಾಕಿ. ಗೀಟು, ಬಾಲ ಬಿಟ್ಟರೆ ಬೇರೇನೋ ಸಿಗುತ್ತದೆ.

ಒಂದೇ ಹೆರ್ಬ್‌ಗೆ ಎರಡು ಮೂರು ಹೆಸರಿರುವುದು ಮಾಮೂಲಿ. ಕುಲದವರು ಕೂಗಿ ಸೇರುತ್ತಿದ್ದ ಕರೆಯನ್ನು 'ಜವೊವಾನ್ಯೆ' ಅನ್ನುತ್ತಾರೆ. ಹಳೆಯ ಕೋರ್ಟ್ ದಾಖಲೆಗಳಲ್ಲಿ ಕೆಲವೊಮ್ಮೆ ಅದೊಂದೇ ಇರುತ್ತದೆ. ತೊಪುರ್‌ಗೆ ಸ್ತಾರ್ಜಾ, ಗ್ರಿಫ್‌ಗೆ ಶ್ವ್ಯೆಬೊದಾ, ಲಿಸ್‌ಗೆ ಮ್ಝುರಾ, ಪೊರಾಯ್‌ಗೆ ರೂಝಾ. ದಾಖಲೆಯಲ್ಲಿ ಬೇರೆ ಹೆಸರು ಕಂಡ ಕೂಡಲೇ ಬೇರೆ ಲಾಂಛನ ಎಂದುಕೊಳ್ಳಬೇಡಿ.

ಹೆಸರಿನ ಅರ್ಥ ನೋಡಿ ಚಿತ್ರ ಊಹಿಸುವುದೂ ಬೇಡ. 'ಲಿಸ್' ಅಂದರೆ ನರಿ, ಆದರೆ ಗುರಾಣಿಯಲ್ಲಿ ಇರುವುದು ಬಾಣ. ನರಿ ಶಿರಸ್ತ್ರಾಣದ ಮೇಲಿದೆ. ಯಾಸ್ತ್‌ಶೆಂಬ್ಯೆತ್ಸ್‌ನ ಗಿಡುಗವೂ ಹಾಗೇ. ಪುವ್‌ಕೊಜಿತ್ಸ್ ಎಂಬ ಹೆಸರಲ್ಲಿ ಮೇಕೆ ಇದೆ, ಗುರಾಣಿಯಲ್ಲಿ ಕತ್ತೆಯ ತಲೆ ಇದೆ.

## ಹಂತ 8: ಹೆರ್ಬ್‌ನಿಂದ ಮನುಷ್ಯನ ಕಡೆಗೆ

ಈಗ ಎರಡನೇ ಪ್ರಶ್ನೆ. ಕ್ರಾಕೂಫ್ ಸುತ್ತ ಅರ್ಧಚಂದ್ರದ ಮೇಲೆ ನಕ್ಷತ್ರ ಕಂಡಿತು, ಲೆಲಿವಾ ಎಂದು ಗೊತ್ತಾಯಿತು ಅಂದುಕೊಳ್ಳಿ. ಅದು ತಾರ್ನೊಫ್‌ನವರದ್ದಾ, ಮೆಲ್‌ಶ್ತಿನ್‌ನವರದ್ದಾ, ಬೇರೆಯವರದ್ದಾ? ಗುರಾಣಿ ಹೇಳುವುದಿಲ್ಲ. ಊರು ಹೇಳುತ್ತದೆ.

ಆ ಕಾಲದ ದಾಖಲೆಗಳಲ್ಲಿ ಜನರನ್ನು ಹೆಚ್ಚಾಗಿ ಊರಿನಿಂದಲೇ ಕರೆಯುತ್ತಿದ್ದರು. 1410ರ ಗ್ರುನ್‌ವಾಲ್ಡ್ ಯುದ್ಧದಲ್ಲಿ ಹೋರಾಡಿದ ಪ್ರಸಿದ್ಧ ವೀರ 'ಗಾರ್ಬುಫ್‌ನ ಜವಿಶಾ', ಹೆರ್ಬ್ ಸುಲಿಮಾ. 'ಸ್ಕಿ' ಎಂದು ಮುಗಿಯುವ ಮನೆತನದ ಹೆಸರುಗಳು ಊರ ಹೆಸರಿನಿಂದಲೇ ಬಂದವು. ಒಂದೇ ಹೆಸರಿನ ಊರುಗಳು ಹಲವು ಇರುವುದರಿಂದ, ಒಂದೇ ಹೆಸರಿನ ಮನೆತನಗಳಿಗೆ ಬೇರೆ ಬೇರೆ ಹೆರ್ಬ್‌ಗಳೂ ಇವೆ.

ಹಾಗಾಗಿ ಹೀಗೆ ಮಾಡಿ. ಚರ್ಚು ಇರುವ ಊರಿನ ಒಡೆತನ ಆ ಕಾಲದಲ್ಲಿ ಯಾರದ್ದಾಗಿತ್ತು ನೋಡಿ. ಇದಕ್ಕೆ ಪೋಲಿಷ್ ವಿಜ್ಞಾನ ಅಕಾಡೆಮಿಯ 'ಮಧ್ಯಯುಗದ ಪೋಲಿಷ್ ಪ್ರದೇಶಗಳ ಚಾರಿತ್ರಿಕ ಭೌಗೋಳಿಕ ನಿಘಂಟು' ಆನ್‌ಲೈನ್‌ನಲ್ಲಿದೆ. ಊರ ಹೆಸರು ಹಾಕಿದರೆ ದಾಖಲೆಗಳ ಪ್ರಕಾರ ಒಡೆಯರು ಇಸವಿ ಸಮೇತ ಸಿಗುತ್ತಾರೆ. ಎಲ್ಲ ಜಿಲ್ಲೆಗಳೂ ಇನ್ನೂ ಅದರಲ್ಲಿ ಬಂದಿಲ್ಲ, ಆದರೆ ಬಂದಿರುವ ಕಡೆ ಅದಕ್ಕಿಂತ ಒಳ್ಳೆಯ ಸಹಾಯ ಇಲ್ಲ. ಒಡೆಯನ ಹೆರ್ಬ್ ನಿಮ್ಮ ಗುರಾಣಿಗೆ ಹೊಂದಿದರೆ, ಕಾಲವೂ ಹೊಂದಿದರೆ, ಆಗ ಒಂದು ಹೆಸರು ಬರೆಯಬಹುದು.

ಸಮಾಧಿಯಲ್ಲಿ ನಾಲ್ಕು ಗುರಾಣಿ ಒಟ್ಟಿಗೆ ಇದ್ದರೆ ಅವು ನಾಲ್ಕು ಸಮಾಧಿಗಳಲ್ಲ, ಒಬ್ಬನದೇ ವಂಶ. ಸಾಮಾನ್ಯವಾಗಿ ತಂದೆಯದು, ತಾಯಿಯದು, ತಂದೆಯ ತಾಯಿಯದು, ತಾಯಿಯ ತಾಯಿಯದು. ಇದು ತುಂಬಾ ಗಟ್ಟಿ ಸಾಕ್ಷಿ. ನಾಲ್ಕೂ ಹೊಂದುವ ಮನುಷ್ಯ ಒಬ್ಬನೇ ಸಿಗುವ ಸಾಧ್ಯತೆ ಜಾಸ್ತಿ.

ಜಾಗ ಲಿಥುವೇನಿಯಾ ಕಡೆಯದಾದರೆ 1413 ಇಸವಿಯನ್ನು ಮುಂದಿಟ್ಟುಕೊಳ್ಳಿ. ಆ ವರ್ಷ ಹೊರೊದ್ವೊ ಒಪ್ಪಂದದಲ್ಲಿ ಪೋಲಿಷ್ ಕುಲಗಳು 47 ಲಿಥುವೇನಿಯನ್ ಶ್ರೀಮಂತರನ್ನು ತಮ್ಮ ಹೆರ್ಬ್‌ಗೆ ಸೇರಿಸಿಕೊಂಡವು. ವಿಲ್ನಿಯಸ್‌ನ ಮೊನಿವಿದ್‌ಗೆ ಲೆಲಿವಾ ಸಿಕ್ಕಿತು. ಒಸ್ತಿಕ್‌ಗೆ ಮೂರು ಕೊಂಬುಕಹಳೆಗಳ ತ್ರೊಂಬಿ ಸಿಕ್ಕಿತು. ಅವನ ವಂಶದವರೇ ಮುಂದೆ ರಾಜಿವಿವ್ ಎಂದು ಹೆಸರಾದರು. ಅಂದರೆ ತಾರ್ನೊಫ್‌ನವರಿಗೂ ಮೊನಿವಿದ್‌ಗೂ ಇದ್ದದ್ದು ಲಾಂಛನದ ನಂಟು, ರಕ್ತದ್ದಲ್ಲ.

ಕೋಶಗಳಲ್ಲಿ ಪ್ರತಿ ಹೆರ್ಬ್‌ಗೂ ಒಂದು ಹುಟ್ಟಿನ ಕಥೆ ಇರುತ್ತದೆ. ಮೂರು ಈಟಿಗಳ ಯೆಲಿತಾ ಲಾಂಛನವನ್ನು 1331ರ ಪ್ವೊವ್ತ್ಸೆ ಯುದ್ಧದಲ್ಲಿ ಗಾಯಗೊಂಡ ವೀರನಿಗೆ ರಾಜ ಕೊಟ್ಟ ಎನ್ನುತ್ತಾರೆ. ಓದಲು ಚೆನ್ನಾಗಿದೆ. ಕಾಲ ನಿರ್ಧರಿಸಲು ಮಾತ್ರ ಇಂಥ ಕಥೆಗಳನ್ನು ಬಳಸಬೇಡಿ.

## ಹಂತ 9: ಬರೆದಿಡುವಾಗ

ಮೂರು ಸಾಲು ಬೇರೆ ಬೇರೆಯಾಗಿ ಬರೆಯಿರಿ. ಕಣ್ಣಿಗೆ ಕಂಡದ್ದು ಮೊದಲ ಸಾಲು. ಹೆರ್ಬ್‌ನ ಹೆಸರು, ಯಾವ ಕೋಶದ ಯಾವ ಪುಟದಿಂದ ಎಂಬುದು ಎರಡನೆಯದು. ಮನುಷ್ಯ ಯಾರು, ಯಾಕೆ ಹಾಗೆ ಅನಿಸಿತು ಎಂಬುದು ಮೂರನೆಯದು. ಮೂರನೆಯದು ಎಷ್ಟೋ ಸಲ ಖಾಲಿ ಉಳಿಯುತ್ತದೆ. ಸುಮ್ನೆ ತುಂಬಿಸಬೇಡಿ. "ಪೊಬುಗ್ ಅಥವಾ ಲೂಬಿಚ್, ಒಳಭಾಗ ಸವೆದಿದೆ" ಎಂದು ಬರೆದ ಪುಟವನ್ನು ಮುಂದೆ ಒಳ್ಳೆಯ ಬೆಳಕಿನಲ್ಲಿ ಅದೇ ಕಲ್ಲು ನೋಡುವವರು ಪೂರ್ತಿ ಮಾಡಬಹುದು. ಅಲ್ಲಿ ತಪ್ಪು ಹೆಸರು ಬರೆದಿಟ್ಟರೆ ಮತ್ತೆ ಯಾರೂ ಟಾರ್ಚ್ ಹಿಡಿದು ಆ ಕಲ್ಲಿನ ಹತ್ತಿರ ಹೋಗುವುದಿಲ್ಲ.